ಶಾಮಿಯಾನದ ಭೋಜರಾಜ ಬಾವ ಕೂತ ದಿನ

ನನ್ನ ಮದುವೆಯ ಆಲ್ಬಮ್ಮಿನಲ್ಲಿ ಮನೆಯವರೆಲ್ಲ ಸಾಲಾಗಿ ನಿಂತ ಒಂದು ದೊಡ್ಡ ಫೋಟೋ ಇದೆ. ಅದರಲ್ಲಿ ನನ್ನ ಅಕ್ಕ ವನಜ ಇದ್ದಾಳೆ, ಅವಳ ಸೊಂಟದ ಮೇಲೆ ಪುಟ್ಟ ಧನ್ಯಶ್ರೀ ಇದ್ದಾಳೆ. ಅಕ್ಕನ ಗಂಡ ಭೋಜರಾಜ ಬಾವನದು ಮಾತ್ರ ಒಂದು ಕೈ ಇದೆ. ಫೋಟೋದ ಅಂಚಿನಲ್ಲಿ ಕಂಬವೊಂದನ್ನು ಒತ್ತಿ ಹಿಡಿದ ಕೈ. ಕೈಗಡಿಯಾರ ನೋಡಿ ಅದು ಬಾವನದು ಎಂದು ಗುರುತಿಸಬೇಕು. ಫೋಟೋದವನು ಕರೆದು ಕರೆದು ಸುಸ್ತಾದ. "ಈಗ ಬತ್ತೆ" ಎಂದವರು ಬರಲೇ ಇಲ್ಲ. ನನ್ನ ಮದುವೆಗೆ ಶಾಮಿಯಾನ ಹಾಕಿದವರು ಅವರೇ ನೋಡಿ.

ಬ್ರಹ್ಮಾವರದ ಸುತ್ತ ಮದುವೆ ಇರಲಿ, ಗೃಹಪ್ರವೇಶ ಇರಲಿ, ಉತ್ತರಕ್ರಿಯೆ ಇರಲಿ, ಆ ಮನೆಯ ಅಂಗಳಕ್ಕೆ ಮೊದಲು ಬರುವುದು ಬಾವನ ಗಾಡಿ. ಶುರುವಿನಲ್ಲಿ ಅವರ ಹತ್ತಿರ ಇದ್ದದ್ದು ಒಂದು ಟರ್ಪಾಲು, ಒಂದಿಷ್ಟು ಬಿದಿರು. ಕೆಲಸಕ್ಕೆ ಜನ ಇಡುವ ತಾಕತ್ತು ಇರಲಿಲ್ಲ. ಹೊಸದಾಗಿ ಮದುವೆಯಾಗಿ ಬಂದ ಅಕ್ಕನೇ ಕಂಬ ಹಿಡಿಯುತ್ತಿದ್ದಳು, ಬಾವ ಹಗ್ಗ ಕಟ್ಟುತ್ತಿದ್ದರು. ಧನ್ಯಶ್ರೀ ಹುಟ್ಟಿದ ಮೇಲೆ ಕೆಲಸಕ್ಕೆ ಜನ ಬಂದರು, ಕುರ್ಚಿ ಬಂತು, ಜನರೇಟರ್ ಬಂತು, ಅಕ್ಕ ಮನೆಯೊಳಗೆ ಉಳಿದಳು. ಬಾವ ಆವತ್ತು ಹತ್ತಿದ ಏಣಿಯಿಂದ ಇವತ್ತಿಗೂ ಇಳಿದಿಲ್ಲ. ಊಟಕ್ಕೆ ಕೂತರೂ ಕಣ್ಣು ಮೇಲೆ, ಬಟ್ಟೆ ಎಲ್ಲಾದರೂ ಜೋತಿದೆಯಾ ಎಂದು. ಬೇರೆಯವರು ಹಾಕಿದ ಚಪ್ಪರದ ಕೆಳಗಾದರೆ ಕೇಳುವುದೇ ಬೇಡ, ಪಾಯಸ ಬರುವುದರೊಳಗೆ ಎದ್ದು ಯಾವುದೋ ಗಂಟು ಬಿಚ್ಚಿ ಕಟ್ಟಿ ಬಂದಿರುತ್ತಾರೆ. ಕೋಟೇಶ್ವರದಲ್ಲಿ ನನ್ನದೊಂದು ಎಲೆಕ್ಟ್ರಿಕಲ್ ಅಂಗಡಿ ಇದೆ. ಬಾವ ಬಂದರೆ ಅಲ್ಲೂ ಕೂರುವುದಿಲ್ಲ, ಚಾ ತರಿಸುವಷ್ಟರಲ್ಲಿ ನನ್ನ ಅಂಗಡಿಯ ಬೋರ್ಡು ಅಲುಗಾಡಿಸಿ ನೋಡುತ್ತಿರುತ್ತಾರೆ. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಅವರ ಹತ್ತಿರ ಮಾತಾಡುವುದೆಂದರೆ ಹೊರಟ ಬಸ್ಸಿನ ಹಿಂದೆ ಓಡಿದ ಹಾಗೆ.

ಧನ್ಯಶ್ರೀಗೆ ಈಗ ಹಾಲಾಡಿಯ ಕಡೆ ಸಂಬಂಧ ಕುದುರಿದೆ. ಮದುವೆ ಮನೆಯ ಅಂಗಳದಲ್ಲೋ ಕಲ್ಯಾಣ ಮಂಟಪದ ಹಾಲಿನಲ್ಲೋ ಎಂಬ ಮಾತು ಬಂದಾಗ ಗಲಾಟೆ ಶುರುವಾಯಿತು.

"ಹಾಲಲ್ಲಿ ಆಯ್ಲಿ" ಎಂದಳು ಅಕ್ಕ. "ಅಂಗ್ಳದಲ್ಲಿ ಆರೆ ನೀವ್ ಕಂಬ ಕಾಂತ ತಿರ್ಗುದೇ ಆಯ್ತ್. ಧಾರಿ ಎರುಕೆ ನಿಮ್ಮನ್ ಏಣಿ ಮೇಲಿಂದ ಇಳ್ಸ್ಕಾ?"

ಬಾವನ ಮುಖ ಸಣ್ಣದಾಯಿತು. "ಊರಿಡೀ ಮದಿಗೆ ಚಪ್ಪರ ಹಾಕ್ದವ ನಾ. ನನ್ನ ಮಗ್ಳ್ ಮದಿಗೆ ಬೇರೆಯವ್ರ್ ಹಾಕುದಾ?"

ಅದು ಅವರ ಒಂದೇ ಆಸೆ. ಧನ್ಯಶ್ರೀ ಶಾಲೆಗೆ ಹೋಗುವ ಕಾಲದಿಂದ ಅವಳ ಮದುವೆಗೆಂದೇ ಬಿಳಿ ಬಟ್ಟೆಯ ಒಂದು ಕಟ್ಟು ತೆಗೆದಿಟ್ಟಿದ್ದಾರೆ. ಅದನ್ನು ಯಾರ ಮದುವೆಗೂ ಬಾಡಿಗೆಗೆ ಕೊಟ್ಟವರಲ್ಲ. ಅಕ್ಕನ ಮಾತೂ ಸುಳ್ಳಲ್ಲ. ಎರಡು ದಿನ ಇಬ್ಬರೂ ಪಟ್ಟು ಬಿಡಲಿಲ್ಲ. ಕೊನೆಗೆ ಹುಡುಗಿಯೇ ದಾರಿ ಹುಡುಕಿದಳು.

"ಅಪ್ಪಯ್ಯ, ಒಂದ್ ದಿನ ಸುಮ್ನೆ ಕೂಕಣಿ ಕಾಂಬ. ಕಂಬ ಮುಟ್ಟುಕಿಲ್ಲ, ಹಗ್ಗ ಮುಟ್ಟುಕಿಲ್ಲ, ಫೋನ್ ಅಮ್ಮನ ಹತ್ರ. ಕೂಕಂಡ್ರೆ ಮದಿ ಅಂಗ್ಳದಲ್ಲಿ. ಎದ್ರೆ ಹಾಲಲ್ಲಿ."

ನೋಡಿಕೊಳ್ಳಲು ಒಬ್ಬ ಬೇಕಲ್ಲ, ಆ ಕೆಲಸಕ್ಕೆ ನನ್ನನ್ನು ನೇಮಿಸಿದರು.

ಬಾವ ಒಪ್ಪಿದರು. ಆದರೆ ಮನೆಯಲ್ಲಿ ಕೂತರೆ ಜನ ಹುಡುಕಿಕೊಂಡು ಬರುತ್ತಾರೆ, ಎಲ್ಲಾದರೂ ದೂರ ಹೋಗುವ ಎಂದರು. ಲಾಡ್ಜಿಗೆ ಬರಲಾರೆ ಎಂದರು. ಹಾಗಾದರೆ ಎಲ್ಲಿ ಎಂದು ಕೇಳಿದರೆ, ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ಯಾವುದೋ ದೇಶದ ಒಬ್ಬ ಗಂಡ, ಹೆಂಡತಿ, ಮಕ್ಕಳು. ಕಾರಿನ ಹಿಂದೆ ಪೆಟ್ಟಿಗೆಯಂಥ ಗಾಡಿ. ನಿಲ್ಲಿಸಿ ಬಿಚ್ಚಿದರೆ ಎರಡು ಬದಿಗೆ ಎರಡು ಮಂಚ, ಮೇಲೆ ಬಟ್ಟೆಯ ಮಾಡು, ಒಂದು ಸಣ್ಣ ಮನೆ. ಮಡಚಿದರೆ ಮತ್ತೆ ಪೆಟ್ಟಿಗೆ. ನನಗೆ ನಗು ಬಂತು. ಕೂರುವುದಕ್ಕೆ ಹೇಳಿದರೆ ಈ ಮನುಷ್ಯ ಅದಕ್ಕೂ ಒಂದು ಕೆಲಸ ಹುಡುಕಿದರಲ್ಲ.

ಹಳೆಯ ಜನರೇಟರ್ ಹೊರುತ್ತಿದ್ದ ಎರಡು ಚಕ್ರದ ಗಾಡಿ ಹಿತ್ತಲಲ್ಲಿ ತುಕ್ಕು ಹಿಡಿದು ಬಿದ್ದಿತ್ತು. ಬಾವ ಅದನ್ನು ಉಜ್ಜಿ, ವೆಲ್ಡಿಂಗ್ ಮಾಡಿಸಿ, ಬದಿಗೆ ಮಡಚುವ ಹಲಗೆ ಕೂರಿಸಿ, ಪೈಪು ಬಗ್ಗಿಸಿ, ಬಟ್ಟೆ ಹೊಲಿಸಿದರು. ಬಟ್ಟೆ ಅಂದರೆ ಏನು, ಶಾಮಿಯಾನದ್ದೇ. ಕೆಂಪು ಹಳದಿ ಪಟ್ಟಿ, ಸುತ್ತ ಜಾಲರಿ, ಜಾಲರಿಯ ಮೇಲೆ ಅವರ ಹೆಸರು, ಫೋನ್ ನಂಬರು. ಗಾಡಿಯ ಮುಂದೆ ನೆರಳಿಗೆ ಎರಡು ಕಂಬದ ಮೇಲೆ ಇನ್ನೊಂದು ಬಟ್ಟೆ. ಮುಗಿದ ದಿನ ಕೇರಿಯವರನ್ನೆಲ್ಲ ಕರೆದು ಅಂಗಳದಲ್ಲಿ ಬಿಚ್ಚಿ ತೋರಿಸಿದರು.

"ಒಬ್ನೇ ಬಿಚ್ಚುಕೆ ಆತ್ತ್. ಯಾರ್ ಕೈಯ್ಯೂ ಬ್ಯಾಡ" ಎಂದು ಎರಡೆರಡು ಸಲ ಹೇಳಿದರು.

ಜನ ಚಪ್ಪಾಳೆ ತಟ್ಟಿದರು. ಅಕ್ಕ ನೋಡುತ್ತಾ ನಿಂತವಳು ಒಳಗೆ ಹೋದಳು. ಒಲೆಯ ಮೇಲೆ ಏನಾದರೂ ಇಟ್ಟಿರಬೇಕು ಎಂದುಕೊಂಡೆ.

ಒಂದು ಭಾನುವಾರ ಬೆಳಿಗ್ಗೆ ಹೊರಟೆವು. ಬಾವನ ಹಳೆಯ ಜೀಪು, ಹಿಂದೆ ಗಾಡಿ. ಅಕ್ಕ ಕೊಟ್ಟೆ ಕಡುಬು, ಕೋಳಿ ಸುಕ್ಕ ಕಟ್ಟಿಕೊಂಡಿದ್ದಳು. ಬಾವ ಬಾಡಿಗೆಯ ಕೆಂಪು ಕುರ್ಚಿಗಳನ್ನೂ ಹಾಕಿಕೊಂಡಿದ್ದರು, ನಾವು ನಾಲ್ಕೇ ಜನ ಎಂಬುದು ಮರೆತು ಒಂದು ಅಟ್ಟಿ. ಟೋಲ್‌ಗೇಟಿನಲ್ಲಿ ಹುಡುಗನೊಬ್ಬ ಹೊರಗೆ ಬಂದು ಗಾಡಿಗೆ ಒಂದು ಸುತ್ತು ಹಾಕಿ, "ಇದೆಂತ ಮಾರ್ರೆ, ಐಸ್‌ಕ್ರೀಮ್ ಗಾಡಿಯಾ?" ಎಂದ. ಬಾವ ಇಳಿದು ವಿವರಿಸಲು ಹೊರಟರು. ಹಿಂದಿನ ಲಾರಿಯವನು ಹಾರ್ನ್ ಬಾರಿಸುತ್ತಲೇ ಇದ್ದ. ನಾನು ಅಂಗಿ ಹಿಡಿದು ಕೂರಿಸಿದೆ. ಕುಂದಾಪುರ ದಾಟುವವರೆಗೆ ಅವರು ಕನ್ನಡಿಯಲ್ಲಿ ಗಾಡಿ ನೋಡುತ್ತಲೇ ಇದ್ದರು. ತ್ರಾಸಿಯಲ್ಲಿ ಕಡಲು ಕಂಡಾಗ ಧನ್ಯಶ್ರೀ, "ಅಪ್ಪಯ್ಯ, ಎದ್ರ್ ಕಾಣಿ" ಎಂದಳು. ಅವರು ಎದುರು ನೋಡಿದ್ದು ದಾರಿಬದಿಯ ಒಂದು ಮದುವೆಯ ಕಮಾನನ್ನು. "ಎಡದ್ ಬದಿ ವಾಲಿತ್" ಎಂದರು.

ಬೈಂದೂರಿಗೆ ಸ್ವಲ್ಪ ಮೊದಲು ಹೆದ್ದಾರಿ ಬಿಟ್ಟು ಕಡಲ ಕಡೆ ತಿರುಗಿದೆವು. ಗಾಳಿಮರಗಳ ತೋಪು, ಅದರ ಆಚೆ ಬರೀ ಮರಳು, ಕಾಲಿಟ್ಟರೆ ಹೂಳುವ ಹೊಯ್ಗೆ, ಆಮೇಲೆ ನೀರು. ಒಂದು ಬದಿಗೆ ಯಾರದೋ ತೆಂಗಿನ ತೋಟದ ಬೇಲಿ. ಗಾಡಿ ಬಿಚ್ಚುವ ಕೆಲಸ ಮಾತ್ರ ಬಾವನದು, ಆಮೇಲೆ ಸೂರ್ಯ ಮುಳುಗುವವರೆಗೆ ಕೂರಬೇಕು ಎಂದು ಮಾತಾಗಿತ್ತು. ಅವರು ಯಾರನ್ನೂ ಹತ್ತಿರ ಬಿಡಲಿಲ್ಲ. ಹಲಗೆ ಎಳೆದರು, ಪೈಪು ಎತ್ತಿದರು, ಕಂಬ ನಿಲ್ಲಿಸಿದರು, ಗೂಟ ಹೊಡೆದರು. ಬೆವರು ಒರೆಸಿಕೊಂಡು ಕುರ್ಚಿಯಲ್ಲಿ ಕೂತು, "ಆಯ್ತ್. ಯೋಗೀಶ, ಕಾಣ್ ಬೇಕಾರೆ" ಎಂದು ನನಗೆ ಹೇಳಿದರು.

ಅಕ್ಕ ಒಳಗೆ ಹತ್ತಿ ಮಂಚದ ಮೇಲೆ ಕಾಲು ಚಾಚಿ ಮಲಗಿದಳು. ಹಗಲು ಹೊತ್ತಿನಲ್ಲಿ ಅವಳು ಮಲಗಿದ್ದನ್ನು ನಾನು ನೋಡಿದ್ದೇ ಇಲ್ಲ. ಬಟ್ಟೆಯ ಹೊಲಿಗೆಯ ಮೇಲೆ ಬೆರಳಾಡಿಸುತ್ತಾ, "ಒಳ್ಳೆ ಮಾಡಿರ್ ಮಾತ್ರ" ಎಂದಳು. ಬಾವನ ಕಿವಿ ಅಲ್ಲೇ ಇತ್ತು, ಮುಖ ಅರಳಿತು. ಇದು ಸುಲಭವಾಗಿ ಮುಗಿಯುತ್ತದೆ ಎಂದು ನನಗೆ ಅನ್ನಿಸಿತು.

ಮುಗಿಯಲಿಲ್ಲ. ಕೆಂಪು ಹಳದಿ ಬಟ್ಟೆ ಕಂಡರೆ ನಮ್ಮೂರ ಜನ ಸುಮ್ಮನೆ ದಾಟಿ ಹೋಗುತ್ತಾರಾ? ಮೊದಲು ಮೀನಿನ ಬುಟ್ಟಿ ಹೊತ್ತ ಇಬ್ಬರು ಹೆಂಗಸರು ನಿಂತರು.

"ಹ್ವಾಯ್, ಯಾರ್ ಮನಿ ಕಾರ್ಯ? ನಮ್ಗೆ ಹೇಳ್ಕೆ ಬರ್ಲಿಲ್ಲ ಅಲ್ದಾ?"

"ಬನ್ನಿ, ಕೂಕಣಿ" ಎನ್ನುತ್ತಾ ಬಾವ ಅರ್ಧ ಎದ್ದೇಬಿಟ್ಟರು, ಕುರ್ಚಿ ಹಾಕಲು. ಧನ್ಯಶ್ರೀ ಕೆಮ್ಮಿದಳು. ಕೂತರು. ಆಮೇಲೆ ಬೈಕಿನ ಹುಡುಗರು ಕ್ರಿಕೆಟ್ ಮ್ಯಾಚು ಎಷ್ಟು ಗಂಟೆಗೆ ಎಂದು ಕೇಳಿದರು. ಒಬ್ಬ ಅಜ್ಜ ಕಣ್ಣಿನ ಪರೀಕ್ಷೆಯ ಶಿಬಿರ ಎಂದುಕೊಂಡು ಬಂದು ಕುರ್ಚಿಯಲ್ಲಿ ಕೂತೇ ಬಿಟ್ಟ. ಅವನನ್ನು ಎಬ್ಬಿಸಲು ಅಕ್ಕ ಒಂದು ಕಡುಬು ಕೊಟ್ಟು ಕಳಿಸಬೇಕಾಯಿತು. ಪ್ರತಿ ಸಲವೂ ಬಾವನ ತೊಡೆ ಕುರ್ಚಿಯಿಂದ ಒಂದಿಷ್ಟು ಮೇಲೇಳುತ್ತಿತ್ತು, ಮತ್ತೆ ಕೂರುತ್ತಿತ್ತು. ನೋಡಿ ನೋಡಿ ನನಗೇ ಕಾಲು ಜೋಮು ಹಿಡಿದ ಹಾಗಾಯಿತು.

ಅಷ್ಟರಲ್ಲಿ ಅಕ್ಕನ ಚೀಲದಲ್ಲಿ ಬಾವನ ಫೋನು ಹೊಡೆದುಕೊಂಡಿತು. ನಾನು ತೆಗೆದು ಎಲ್ಲರಿಗೂ ಕೇಳುವ ಹಾಗೆ ಇಟ್ಟೆ.

"ಶಾಮಿಯಾನದವ್ರಾ? ನಾ ಗಣಪ ಅಂದೇಳಿ. ಇಲ್ಲ್ ನಮ್ ತೋಟದ ಹತ್ರ ನಿಮ್ ಶಾಮಿಯಾನ ಹಾಕಿರ್. ನಿಮ್ ಜನಕ್ಕೆ ಹೇಳಿ ಮಾರ್ರೆ, ಹೊಯ್ಗೆಲಿ ಗೂಟ ನಿತ್ಕಂಬುದಿಲ್ಲ. ಮಧ್ಯಾಹ್ನ ಗಾಳಿ ಬತ್ತ್."

ತಲೆ ಎತ್ತಿ ನೋಡಿದರೆ ಬೇಲಿಯ ಆಚೆ ಒಬ್ಬ ಮನುಷ್ಯ ಫೋನು ಕಿವಿಗಿಟ್ಟುಕೊಂಡು ನಮ್ಮ ಜಾಲರಿಯ ಮೇಲಿನ ನಂಬರನ್ನೇ ನೋಡುತ್ತಾ ನಿಂತಿದ್ದ. ನಾನು ಕೈ ಎತ್ತಿದೆ. ಅವನೂ ಎತ್ತಿದ.

ಧನ್ಯಶ್ರೀ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಾವ ನಗಲಿಲ್ಲ. ಗೂಟಗಳನ್ನು ಒಂದೊಂದಾಗಿ ನೋಡಿದರು. ಗಟ್ಟಿ ಮುರಕಲ್ಲಿನ ಅಂಗಳಕ್ಕೆ ಹೊಡೆಯುವ ಗಿಡ್ಡ ಕಬ್ಬಿಣದ ಗೂಟಗಳು. ಹೊಯ್ಗೆಯಲ್ಲಿ ಚೀಲ ತುಂಬಿಸಿ ಹೂತು ಅದಕ್ಕೆ ಹಗ್ಗ ಕಟ್ಟಬೇಕು ಎಂಬುದು ಅವರಿಗೆ ಗೊತ್ತಿಲ್ಲದ್ದಲ್ಲ. ಎಷ್ಟೋ ಸಲ ಕಟ್ಟಿದ್ದಾರೆ.

"ಮನಿ ಅಂಗ್ಳದ್ ಗೂಟ ಹಾಕ್ಕಂಡ್ ಬಂದೆ" ಎಂದರು ಮೆಲ್ಲಗೆ. "ನೆನ್ಪೇ ಆಯ್ಲಿಲ್ಲ."

"ಏಳ್ತ್ರಿಯಾ?" ಎಂದಳು ಅಕ್ಕ.

ಬಾವ ಅವಳನ್ನು ನೋಡಿದರು, ಮಗಳನ್ನು ನೋಡಿದರು. "ಇಲ್ಲ" ಎಂದರು.

ಊಟಕ್ಕೆ ಕೂತೆವು. ಬಾವ ಪೂರ್ತಿ ಊಟ ಕೂತೇ ಮಾಡಿದರು. ಅಕ್ಕ ಬಡಿಸಿದಳು, ಅವರ ಪಕ್ಕದಲ್ಲೇ ತನ್ನ ತಟ್ಟೆ ಇಟ್ಟುಕೊಂಡಳು. ಎಷ್ಟು ವರ್ಷದ ಆಸೆಯೋ ಅವಳದು. ಆದರೆ ಬಾವ ಉಂಡದ್ದು ಕೋಳಿಯೋ ಕುಂಬಳಕಾಯಿಯೋ ಅವರಿಗೇ ಗೊತ್ತಿರಲಿಲ್ಲ. ಕೈ ತಟ್ಟೆಯಲ್ಲಿ, ಕಣ್ಣು ಹಗ್ಗದಲ್ಲಿ. "ಉಪ್ಪ್ ಸಮ ಇತ್ತಾ?" ಎಂದು ಅಕ್ಕ ಕೇಳಿದರೆ, "ಹ್ಞಾಂ, ಬಿಗಿ ಇತ್ತ್" ಎಂದರು. ಅಕ್ಕ ತುತ್ತು ಕೈಯಲ್ಲಿ ಹಿಡಿದು ಅವರನ್ನೇ ನೋಡಿದಳು. ನನಗೆ ಬಾವನ ಮೇಲೆ ಸಿಟ್ಟು ಬರಬೇಕಿತ್ತು, ಬಂದದ್ದು ಸಂಕಟ. ಇಬ್ಬರೂ ಅಷ್ಟು ಹತ್ತಿರ ಕೂತಿದ್ದರು, ಆದರೂ ಅಕ್ಕ ಒಬ್ಬಳೇ ಉಣ್ಣುತ್ತಿದ್ದಳು.

ಗಣಪ ಹೇಳಿದ ಗಾಳಿ ತಟ್ಟೆ ತೊಳೆಯುವ ಹೊತ್ತಿಗೆ ಬಂತು. ಮೊದಲು ಜಾಲರಿ ಪಟಪಟ ಅಂದಿತು. ಆಮೇಲೆ ಮುಂದಿನ ಬಟ್ಟೆ ಹೊಟ್ಟೆ ಉಬ್ಬಿಸಿಕೊಂಡಿತು. ಕಡಲ ಬದಿಯ ಒಂದು ಗೂಟ ಹೊಯ್ಗೆಯಿಂದ ಮೆಲ್ಲನೆ ಮೇಲೆ ಬಂದದ್ದನ್ನು ನಾವೆಲ್ಲರೂ ನೋಡಿದೆವು. ಬಾವ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತರು.

"ಅಪ್ಪಯ್ಯ, ಏಳಿ" ಎಂದಳು ಧನ್ಯಶ್ರೀ.

"ನಾ ಏಳುದಿಲ್ಲ."

ಇನ್ನೊಂದು ಗೂಟ ಕಿತ್ತು ಬಂತು. ಒಂದು ಕಂಬ ಓಲಾಡತೊಡಗಿತು. ಬಟ್ಟೆಯೊಳಗೆ ಹೊಕ್ಕ ಗಾಳಿ ಇಡೀ ಗಾಡಿಯನ್ನೇ ಎಳೆಯಿತು, ಒಂದು ಚಕ್ರ ನೆಲ ಬಿಟ್ಟು ಧಪ್ಪೆಂದು ಕೂತಿತು. ಒಳಗಿಂದ ಏನೋ ಉರುಳಿತು.

"ಅಪ್ಪಯ್ಯ, ಸಾಕ್, ಆಟ ಸಾಕ್. ಹರ್ದ್ ಹೋತ್ತ್ ಕಾಣಿ."

"ಹರೀಲಿ. ಎದ್ರೆ ನಿನ್ ಮದಿ ಹಾಲಲ್ಲಿ. ನಾ ಏಳುದಿಲ್ಲ." ತಾನೇ ಮಾಡಿದ ವಸ್ತು ಕಣ್ಣೆದುರು ಹಾಳಾಗುತ್ತಿದ್ದರೆ ಕೂತು ನೋಡುವುದು ಬಾವನಿಗೆ ಎಂಥ ಶಿಕ್ಷೆ ಎಂದು ಗೊತ್ತಿದ್ದೂ ನಾವು ಇಂಥ ಪಂದ್ಯ ಕಟ್ಟಿದೆವಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಓಡಿ ಹೋಗಿ ಹಗ್ಗ ಹಿಡಿದೆ. ಗಾಳಿ ನನ್ನನ್ನೂ ಸೇರಿಸಿ ಎಳೆಯಿತು, ಜಾಲರಿ ಮುಖಕ್ಕೆ ಬಾರಿಸಿತು.

"ಹಗ್ಗ ಹಿಡ್ಕಂಬ್ಯಾಡ. ಬಿಡ್, ಯೋಗೀಶ."

ಅಕ್ಕ. ಸೆರಗು ಸೊಂಟಕ್ಕೆ ಸಿಕ್ಕಿಸಿ ಕಡಲ ಬದಿಯ ಕಂಬದ ಹತ್ತಿರ ಹೋಗಿ ನಿಂತಿದ್ದಳು. "ಗಾಳಿ ಬದಿ ಕಂಬ ಮೊದ್ಲ್ ಮಲ್ಗ್ಸ್ಕ್. ಧನ್ಯ, ನೀ ಆ ಕಂಬ ಹಿಡಿ. ನಾ ಹೇಳ್ದಲ್ಲದೆ ಬಿಡ್ಬ್ಯಾಡ." ಗಾಳಿ ಒಂದು ಉಸಿರು ಬಿಡುವುದನ್ನು ಕಾದಳು. "ಹ್ಞಾಂ, ಈಗ." ಎರಡೂ ಕಂಬ ಗಾಡಿಯ ಕಡೆಗೆ ಒರಗಿದವು. ಉಬ್ಬಿದ ಬಟ್ಟೆ ಹೊಟ್ಟೆ ಇಳಿದು ನೆಲಕ್ಕೆ ಬಿತ್ತು, ಗಾಳಿ ಅದರ ಮೇಲಿಂದ ಹಾದು ಹೋಯಿತು. ಅಕ್ಕ ಮಂಡಿಯೂರಿ ಬಟ್ಟೆಯ ಮೂಲೆಗೆ ಹೊಯ್ಗೆ ಗೋರಿ ಹಾಕಿದಳು, ಹಗ್ಗದ ತುದಿಯನ್ನು ಚಕ್ರಕ್ಕೆ ಸುತ್ತಿ ಒಂದು ಗಂಟು ಹಾಕಿದಳು. ಬಾವ ಹಾಕುವ ಗಂಟು. ಎಳೆದರೆ ಬಿಗಿಯಾಗುವ, ಒಂದು ಬೆರಳಿನಲ್ಲಿ ಬಿಚ್ಚುವ ಗಂಟು. ಎಲ್ಲ ಮುಗಿಯಲು ಗಳಿಗೆಯೂ ಹಿಡಿಯಲಿಲ್ಲ.

ಬಾವ ಕೂತಲ್ಲೇ ಇದ್ದರು. ಕೈ ಇನ್ನೂ ತೊಡೆಯ ಕೆಳಗೆ.

"ಹೆಣೆ" ಎಂದು ಅಕ್ಕನನ್ನು ಕರೆದರು, "ನಿಂಗಿನ್ನೂ ನೆನ್ಪ್ ಇತ್ತಾ?"

"ಮರುಕೆ ಎಂತ ಇತ್ತ್? ಕೇಂಡದ್ದ್ ಯಾರ್?" ಅಕ್ಕನ ಮುಖದ ತುಂಬ ಹೊಯ್ಗೆ. ಅವಳು ಅಳುತ್ತಿದ್ದಳೋ ಗಾಳಿಗೆ ಕಣ್ಣು ನೀರಾಗಿತ್ತೋ, ನಾನು ಕೇಳಲಿಲ್ಲ. "ಯಾರ್ ಕೈಯ್ಯೂ ಬ್ಯಾಡ, ಯಾರ್ ಕೈಯ್ಯೂ ಬ್ಯಾಡ ಅಂದ್ರಿ ಅಂಗ್ಳದಲ್ಲಿ. ಮೊದ್ಲ್ ನನ್ ಕೈ ಬೇಕಾಯ್ತಲ್ದಾ ನಿಮ್ಗೆ?"

ಬಾವ ತೊಡೆಯ ಕೆಳಗಿನ ಕೈಗಳನ್ನು ಹೊರಗೆ ತೆಗೆದು ನೋಡಿಕೊಂಡರು.

"ನೀವ್ ಕೂಕಣ್ಕ್ ಅಂದೇಳಿ ಅಲ್ಲ ನಂಗೆ. ನಾ ಒಬ್ಳೇ ಕೂಕಂಡದ್ದ್ ಸಾಕಾಯ್ತ್."

ಇಷ್ಟು ವರ್ಷ ಅಕ್ಕನ ಪರ ವಾದಿಸಿದವನು ನಾನು. ಬಾವನನ್ನು ಕೂರಿಸಲು ಏನೆಲ್ಲ ಮಾಡಿದೆ, ಎಷ್ಟು ಸಲ ಜಗಳ ಆಡಿದೆ. ಅಕ್ಕನಿಗೆ ಏನು ಬೇಕು ಎಂದು ಒಂದು ಸಲವೂ ಹೊಳೆದಿರಲಿಲ್ಲ. ನನಗೆ ಹೊಳೆಯದ್ದು ಹೋಗಲಿ, ಬಾವನಿಗೂ ಹೊಳೆದಿರಲಿಲ್ಲ ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು. ಕಂಬ ಹಿಡಿಯುವ ಕಷ್ಟ ಇನ್ನು ಹೆಂಡತಿಗೆ ಬೇಡ ಎಂದು ಅವರು ಜನ ಇಟ್ಟದ್ದು. ಅದು ಪ್ರೀತಿಯೇ. ಅಕ್ಕನಿಗೆ ಅದು ಬಾಗಿಲು ಹಾಕಿಕೊಂಡ ಹಾಗೆ ಕೇಳಿಸಿತ್ತು.

ಸೂರ್ಯ ಇನ್ನೂ ಮೇಲಿದ್ದ. ಬಾವ ನನ್ನ ಕಡೆ ನೋಡಿದರು, ಪರೀಕ್ಷೆ ಬರೆದ ಮಕ್ಕಳು ಮೇಷ್ಟ್ರನ್ನು ನೋಡುವ ಹಾಗೆ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು.

"ಇನ್ನ್ ಏಳಿ. ಇದ್ನ ಮಡ್ಚುಕೆ ಒಬ್ರ್ ಕೈಲಿ ಆತ್ತಿಲ್ಲ."

"ಎದ್ರೆ..." ಎಂದು ಬಾವ ಮಗಳ ಕಡೆ ತಿರುಗಿದರು.

"ಮದಿ ಅಂಗ್ಳದಲ್ಲೇ" ಎಂದಳು ಅಕ್ಕ. "ಕಂಬ ಹಿಡುದ್ ಮಾತ್ರ ನಾನ್. ನಿಮ್ ಜನ ಬೇಕಾರೆ ಕುರ್ಚಿ ಹಾಕ್ಲಿ."

ಬಾವ ಎದ್ದರು. ಕಾಲು ಮರಗಟ್ಟಿತ್ತು, ಒಂದು ಸಲ ತತ್ತರಿಸಿದರು. ಮುಂದಿನ ಬಟ್ಟೆಯನ್ನು ಇಬ್ಬರೂ ಸೇರಿ ಕಳಚಿದರು. ಬಟ್ಟೆ ದೊಡ್ಡದು. ಎರಡು ಮೂಲೆ ಅಕ್ಕ ಹಿಡಿದಳು, ಎರಡು ಮೂಲೆ ಬಾವ ಹಿಡಿದರು, ಒಬ್ಬರು ತೋಪಿನ ಕಡೆ, ಒಬ್ಬರು ನೀರಿನ ಕಡೆ ಹಿಂದೆ ಸರಿದು ಬಿಗಿಯಾಗಿ ಎಳೆದು ಹೊಯ್ಗೆ ಕೊಡವಿದರು. ಆಮೇಲೆ ಬಟ್ಟೆಯನ್ನು ಎತ್ತಿ ಹಿಡಿದು ಒಬ್ಬರ ಕಡೆಗೆ ಒಬ್ಬರು ನಡೆದು ಬಂದು ಮೂಲೆಗೆ ಮೂಲೆ ಸೇರಿಸಿದರು. ಮತ್ತೆ ಹಿಂದೆ ಸರಿದರು, ಮತ್ತೆ ಬಂದರು. ಯಾರೂ ಏನೂ ಹೇಳಿಕೊಡಬೇಕಾಗಲಿಲ್ಲ. ನಾನು ಸಹಾಯಕ್ಕೆಂದು ಹೋದರೆ, "ನೀ ಕೂಕೋ ಮಾರಾಯ" ಎಂದರು ಬಾವ. ನಾನು ಅವರ ಕೆಂಪು ಕುರ್ಚಿಯಲ್ಲಿ ಕೂತೆ.

ಧನ್ಯಶ್ರೀ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಳು. ಮದುವೆಯ ಆಲ್ಬಮ್ಮಿಗೆ ಮೊದಲ ಪುಟದಲ್ಲಿ ಅದನ್ನೇ ಹಾಕಿಸುತ್ತಾಳಂತೆ. ನನ್ನ ಕೇಳಿದರೆ ಫೋಟೋ ಸರಿ ಬಂದಿಲ್ಲ. ಮಡಚಲು ಎತ್ತಿ ಹಿಡಿದ ಬಟ್ಟೆ ಇಬ್ಬರ ಮುಖವನ್ನೂ ಮುಚ್ಚಿದೆ. ಈ ಸಲವೂ ಬಾವನ ಕೈ ಮಾತ್ರ ಕಾಣುತ್ತದೆ. ಅದರ ಮೇಲೆ ಅಕ್ಕನ ಕೈ ಇದೆ.